ಪಟ್ಟದಕಲ್ಲಿಗೆ ಹೊರಡುವ ಮುನ್ನ

ಬಾಗಲಕೋಟೆ ಜಿಲ್ಲೆಯಲ್ಲಿ, ಮಲಪ್ರಭಾ ನದಿಯು ಉತ್ತರಾಭಿಮುಖವಾಗಿ ಹರಿಯುವ ಎಡೆಯಲ್ಲಿರುವ ಪಟ್ಟದಕಲ್ಲು ಬಾದಾಮಿ ಚಾಲುಕ್ಯ ಅರಸರ ಪಟ್ಟಾಭಿಷೇಕದೊಂದಿಗೆ ಹೆಸರು ಬೆಸೆದುಕೊಂಡ ಕ್ಷೇತ್ರವಾಗಿದ್ದು, ಇಲ್ಲಿಯ ದೇವಾಲಯಗಳ ಸಮೂಹವು 1987ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಬಾದಾಮಿಯಿಂದ ಸುಮಾರು 22 ಕಿಲೋಮೀಟರ್ ದೂರದ ಈ ಊರನ್ನು ಅನೇಕ ಪ್ರವಾಸಿಗರು ಬಾದಾಮಿ ಮತ್ತು ಐಹೊಳೆಗಳ ನಡುವಿನ ಒಂದು ತಂಗುದಾಣವೆಂಬಂತೆ ಅವಸರದಲ್ಲಿ ನೋಡಿ ಮುಗಿಸುತ್ತಾರೆ. ಕನಿಷ್ಠ ಒಂದು ಬೆಳಗನ್ನಾದರೂ ಇದಕ್ಕಾಗಿಯೇ ಮೀಸಲಿಡದೆ ಯೋಜಿಸಿದ ಪ್ರವಾಸ ಅಪೂರ್ಣವೆಂದೇ ಹೇಳಬೇಕು.

ನೋಡುವ ಕ್ರಮಕ್ಕೂ ಮಹತ್ವವಿದೆ. ಬಂಡೆಯನ್ನು ಕೊರೆದು ಮಾಡಿದ ಬಾದಾಮಿಯ ಗುಹಾಲಯಗಳನ್ನೂ, ಶಿಲ್ಪಿಗಳು ಬಗೆಬಗೆಯ ವಿನ್ಯಾಸಗಳನ್ನು ಪ್ರಯೋಗಿಸಿದ ಐಹೊಳೆಯನ್ನೂ ಮೊದಲು ಕಂಡು ಬಂದವರಿಗೆ, ಆ ಪ್ರಯತ್ನಗಳೆಲ್ಲ ಎಲ್ಲಿಗೆ ತಲುಪಿದವು ಎಂಬುದು ಪಟ್ಟದಕಲ್ಲಿನಲ್ಲಿ ತಾನಾಗಿ ತಿಳಿಯುತ್ತದೆ. ಬಾಗಿದ ರೇಖೆಗಳಲ್ಲಿ ಮೇಲೇರುವ ನಾಗರ ಶಿಖರವೂ, ಅಂತಸ್ತುಗಳಾಗಿ ಏರುವ ದ್ರಾವಿಡ ವಿಮಾನವೂ, ಅಂದರೆ ಗರ್ಭಗೃಹದ ಮೇಲಿನ ರಚನೆಯ ಎರಡು ಭಿನ್ನ ಶೈಲಿಗಳು, ಇಲ್ಲಿ ಒಂದೇ ಆವರಣದಲ್ಲಿ ಅಕ್ಕಪಕ್ಕದಲ್ಲಿ ನಿಂತಿವೆ.

ಸಮಯ ಕಡಿಮೆಯಿದ್ದರೆ ಅದನ್ನೆಲ್ಲ ವಿರೂಪಾಕ್ಷ ದೇವಾಲಯಕ್ಕೇ ಕೊಡುವುದು ಲೇಸು. ಎರಡನೆಯ ವಿಕ್ರಮಾದಿತ್ಯನು ಪಲ್ಲವರ ಕಂಚಿಯನ್ನು ಗೆದ್ದುದರ ನೆನಪಿಗಾಗಿ ಅವನ ರಾಣಿ ಲೋಕಮಹಾದೇವಿ 8ನೆಯ ಶತಮಾನದಲ್ಲಿ ಕಟ್ಟಿಸಿದ ಈ ಗುಡಿಗೆ ಆಗ ಲೋಕೇಶ್ವರವೆಂಬ ಹೆಸರಿತ್ತು. ಇದನ್ನು ನಿರ್ಮಿಸಿದ ಗುಂಡನೆಂಬ ಸೂತ್ರಧಾರಿಗೆ ದೊರೆತ ಬಿರುದುಗಳನ್ನು ಪೂರ್ವ ದ್ವಾರದ ಶಾಸನವು ದಾಖಲಿಸಿರುವುದರಿಂದ, ಕಟ್ಟಿಸಿದವರ ಜೊತೆಗೆ ಕಟ್ಟಿದವನ ಹೆಸರೂ ಉಳಿದಿರುವ ಅಪರೂಪದ ಸ್ಮಾರಕವಿದು. ಸೋತ ಕಂಚಿಯನ್ನು ವಿಕ್ರಮಾದಿತ್ಯನು ಹಾಳುಗೆಡವದೆ, ಅಲ್ಲಿಯ ಕೈಲಾಸನಾಥ ದೇವಾಲಯದ ಸಂಪತ್ತನ್ನು ದೇವರಿಗೇ ಮರಳಿಸಿದುದನ್ನು ಆ ಗುಡಿಯ ಕಂಬವೊಂದರ ಕನ್ನಡ ಶಾಸನ ಹೇಳುತ್ತದೆ. ವಿರೂಪಾಕ್ಷದ ವಿನ್ಯಾಸದಲ್ಲಿ ಕಂಚಿಯ ಆ ದೇವಾಲಯದ ಛಾಯೆ ಕಾಣುವುದು ಇದೇ ಹಿನ್ನೆಲೆಯಲ್ಲಿ ಅರ್ಥಪೂರ್ಣ. ಗುಡಿ ಪೂರ್ವಾಭಿಮುಖವಾಗಿರುವುದರಿಂದ ಸಭಾಮಂಟಪದ ಕಂಬಗಳ ಮೇಲಿನ ರಾಮಾಯಣ, ಮಹಾಭಾರತ ಹಾಗೂ ಭಾಗವತದ ಕಿರುಚಿತ್ರಣಗಳನ್ನು ನೋಡಲು ಬೆಳಗಿನ ಬೆಳಕೇ ಅನುಕೂಲ.

ಈ ದೇವಾಲಯದಲ್ಲಿ ಇಂದಿಗೂ ಪೂಜೆ ನಡೆಯುತ್ತಿರುವುದರಿಂದ ಪಾದರಕ್ಷೆಗಳನ್ನು ಹೊರಗೆ ಬಿಡಬೇಕು. ಬೇಸಿಗೆಯ ಮಧ್ಯಾಹ್ನ ಕಲ್ಲುಹಾಸು ಕಾಲಿಡಲಾಗದಷ್ಟು ಕಾಯುತ್ತದೆ. ಹೀಗಾಗಿ ನವೆಂಬರ್‌ನಿಂದ ಫೆಬ್ರವರಿಯವರೆಗಿನ ತಿಂಗಳುಗಳು ಹಿತಕರ. ಆದರೆ ಬನದ ಹುಣ್ಣಿಮೆಯ ಹೊತ್ತಿಗೆ ಬಾದಾಮಿ ಸಮೀಪದ ಬನಶಂಕರಿಯಲ್ಲಿ ದೊಡ್ಡ ಜಾತ್ರೆ ನೆರೆಯುವುದರಿಂದ, ಜಾತ್ರೆಯನ್ನೂ ನೋಡಬಯಸದವರು ಪಂಚಾಂಗ ನೋಡಿಯೇ ದಿನ ಗೊತ್ತುಮಾಡಿಕೊಳ್ಳಬೇಕು.

ಮುಖ್ಯ ಆವರಣದಿಂದ ದಕ್ಷಿಣಕ್ಕೆ ತುಸು ನಡೆದರೆ ಸಿಗುವ ಪಾಪನಾಥ ದೇವಾಲಯವನ್ನು ಹಲವರು ನೋಡದೆ ಹಿಂದಿರುಗುತ್ತಾರೆ. ನಾಗರ ಶಿಖರವಿದ್ದರೂ ಗೋಡೆಯ ಅಲಂಕರಣದಲ್ಲಿ ದ್ರಾವಿಡ ಲಕ್ಷಣಗಳನ್ನು ಬೆರೆಸಿಕೊಂಡಿರುವ ಈ ಗುಡಿಯ ಹೊರಗೋಡೆಯಲ್ಲಿ ರಾಮಾಯಣದ ದೃಶ್ಯಗಳಿದ್ದು, ಅವುಗಳೊಂದಿಗೆ ಪಾತ್ರಗಳ ಹೆಸರುಗಳನ್ನೂ ಕೊರೆಯಲಾಗಿದೆ. ಹಳೆಯ ಕನ್ನಡ ಲಿಪಿಯ ಪರಿಚಯವನ್ನು ಸ್ವಲ್ಪವಾದರೂ ಮಾಡಿಕೊಂಡು ಹೋದವರು ಅವನ್ನು ತಾವೇ ಓದಲು ಯತ್ನಿಸಬಹುದು.