ಗುಟ್ಟೂ ಗುಳಿಗೆಯೂ

ಕುದೇರಿನ ಕೂಲಿಕಾರನೊಬ್ಬ ದುಡಿಮೆಯನ್ನರಸಿ ತಿರುಪ್ಪೂರಿಗೆ ಹೋದನೆನ್ನಿ. ಎಚ್‌ಐವಿ ಸೋಂಕಿಗಾಗಿ ಅವನು ನುಂಗುವ ಗುಳಿಗೆ ಒಂದು ದಿನವೂ ತಪ್ಪಬಾರದು. ಪದೇ ಪದೇ ತಪ್ಪಿದರೆ ವೈರಾಣು ಮದ್ದಿಗೆ ಬಗ್ಗದಂತಾದೀತು. ಅಲ್ಲಿಯ ವೈದ್ಯರಿಗೆ ಅವನ ಪೂರ್ವವೃತ್ತಾಂತ ತಿಳಿಯುವುದೆಂತು?

ನಮ್ಮ ಸರಕಾರ ಈ ಔಷಧವನ್ನು ಉಚಿತವಾಗಿ ಕೊಡತೊಡಗಿದ್ದು 2004ರ ಏಪ್ರಿಲ್ 1ರಂದು. ದಾಖಲೆಗಳು ಎರಡು: ಕೇಂದ್ರದ ಕಪಾಟಿನಲ್ಲಿ ಬಿಳಿಯ ಕಾರ್ಡು, ರೋಗಿಯ ಕೈಯಲ್ಲಿ ಹಸಿರು ಪುಸ್ತಕ. ಪುಸ್ತಕ ಕಳೆದರೆ ಚಿಕಿತ್ಸೆಯ ಕೊಂಡಿ ಕಳಚುತ್ತಿತ್ತು. ಅನ್ಯರ ಕಣ್ಣಿಗೆ ಬಿದ್ದರೆ ಗುಟ್ಟು ರಟ್ಟಾಗುತ್ತಿತ್ತು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ರೂಪಿಸಿದ ‘ಸೋಚ್’ ಎಂಬ ಗಣಕ ವ್ಯವಸ್ಥೆ ಆ ಕೊಂಡಿಯನ್ನು ಬೆಸೆಯಲೆಂದೇ ಬಂದಿತು. ಪರೀಕ್ಷೆ, ಗುಳಿಗೆ, ರಕ್ತದಲ್ಲಿನ ವೈರಾಣುವಿನ ಎಣಿಕೆ ಎಲ್ಲವೂ ಒಂದೇ ಗುರುತಿನ ಸಂಖ್ಯೆಯಡಿ ಸೇರುತ್ತವೆ. ರೋಗಿ ಊರು ಬಿಟ್ಟರೆ ವಿವರವೂ ಅವನ ಹಿಂದೆ ಸಾಗಬಹುದು.

ಆದರೆ ಹಸಿರು ಪುಸ್ತಕವನ್ನು ಇಣುಕಿ ನೋಡುವವರು ಒಬ್ಬಿಬ್ಬರು; ಗಣಕದ ಕಡತ ಬಯಲಾದರೆ ಸಾವಿರಾರು ಮಂದಿಯ ಬಾಳು ಒಮ್ಮೆಗೇ ಬೀದಿಗೆ ಬೀಳುತ್ತದೆ. ಅದರಿಂದಲೇ 2017ರ ಎಚ್‌ಐವಿ ಕಾಯಿದೆ ಇಂಥ ಮಾಹಿತಿಯನ್ನು ಕಾಪಾಡುವ ಹೊಣೆಯನ್ನು ದಾಖಲೆಯಿಡುವ ಸಂಸ್ಥೆಯ ಮೇಲೆಯೇ ಹೊರಿಸಿದೆ. 2018ರ ಸೆಪ್ಟೆಂಬರ್ 10ರಿಂದ ಅದು ಜಾರಿಯಲ್ಲಿದೆ.

ಕುದೇರಿನಂಥ ಊರಿನಲ್ಲಿ ಎಲ್ಲರನ್ನೂ ಎಲ್ಲರೂ ಬಲ್ಲರು. ಗುಟ್ಟು ಉಳಿದೀತೆಂಬ ನಂಬಿಕೆಯಿಲ್ಲದಿದ್ದರೆ ನಮ್ಮ ಕೂಲಿಕಾರ ಪರೀಕ್ಷೆಗೇ ಬಾರನು. ಬಾರದವನ ಹೆಸರು ಯಾವ ಗಣಕದಲ್ಲಿಯೂ ಇರದು.