ಚೀಲ ಎತ್ತಬಹುದು, ಖಾತೆ?

ಲಿನಕ್ಸ್ ಕಂಪ್ಯೂಟರಿನಲ್ಲಿ ಕನ್ನಡ ಓದುವವರಿಗೆ ಲೋಹಿತ್ ಕನ್ನಡ ಫಾಂಟು ಹಳೆಯ ಪರಿಚಯ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ಆದರೆ ಅದರ ಮೂಲ ಕಡತಗಳಿಗೂ ಒಂದು ನೆಲೆ ಬೇಕು. ಹಿಂದೆ ಲೋಹಿತ್ ಇದ್ದದ್ದು ಲಿನಕ್ಸ್ ಕಟ್ಟುವ ಫೆಡೋರಾ ಸಮುದಾಯದ ಫೆಡೋರಾಹೋಸ್ಟೆಡ್ ತಾಣದಲ್ಲಿ. 2017ರಲ್ಲಿ ಅದಕ್ಕೆ ಬೀಗ ಬಿತ್ತು. ಫಾಂಟು ಅದೇ ಸಮುದಾಯದ ಪಾಗೂರ್ ತಾಣಕ್ಕೆ ಬಂತು. 2024ರ ಕೊನೆಗೆ ಫೆಡೋರಾದವರು ಪಾಗೂರ್ ಕೂಡ ಬಿಟ್ಟು ಫೋರ್ಜೆಜೊ ಎಂಬ ತಂತ್ರಾಂಶಕ್ಕೆ ಹೋಗಲು ತೀರ್ಮಾನಿಸಿದರು.

ಸ್ವಯಂಸೇವಕರ ಯೋಜನೆಗಳಿಗೆ ಈ ಅಲೆದಾಟ ಹೊಸದಲ್ಲ. ಕೋಡ್ ಇಡಲೆಂದು 2006ರಲ್ಲಿ ಶುರುವಾದ ಗೂಗಲ್ ಕೋಡ್ ತಾಣ 2016ರ ಜನವರಿಯಲ್ಲಿ ಮುಚ್ಚಿತು. ಅಂಥದ್ದೇ ತಾಣ ಗಿಟೋರಿಯಸ್ 2015ರಲ್ಲೇ ಹೋಯಿತು. ಬಿಟ್‌ಬಕೆಟ್ 2020ರಲ್ಲಿ ಮರ್ಕ್ಯುರಿಯಲ್ ಪದ್ಧತಿಯ ಕಡತಗಳಿಗೆ ಜಾಗ ಕೊಡುವುದನ್ನೇ ನಿಲ್ಲಿಸಿತು.

ಹಾಗಾದರೆ ಕೋಡ್ ಕಳೆದುಹೋಗುತ್ತದೆಯೇ? ಹೆಚ್ಚಾಗಿ ಇಲ್ಲ. ಲೈನಸ್ ಟೋರ್ವಾಲ್ಡ್ಸ್ 2005ರಲ್ಲಿ ಬರೆದ, ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿ ಸಾಮಾನ್ಯವಾಗಿ ಕೆಲಸಗಾರರೆಲ್ಲರ ಕಂಪ್ಯೂಟರಿನಲ್ಲೂ ಪೂರ್ತಿ ಇತಿಹಾಸದ ನಕಲು ಇರುತ್ತದೆ. ತೊಂದರೆ ಇರುವುದು ಬೇರೆ ಕಡೆ. ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿ ಮಾರುಕಟ್ಟೆ ಕಂಡವರಿಗೆ ಇದು ಬೇಗ ಹೊಳೆದೀತು: ರೈತ ತನ್ನ ಮೆಣಸಿನಕಾಯಿ ಚೀಲ ಎತ್ತಿಕೊಂಡು ಪಕ್ಕದ ದಲಾಲಿ ಅಂಗಡಿಗೆ ಹೋಗಬಹುದು, ಆದರೆ ವರ್ಷಗಳ ಉದ್ರಿ, ಜಮಾ, ತೂಕದ ತಕರಾರು ಬರೆದ ಖಾತೆ ಪುಸ್ತಕ ಹಳೇ ಅಂಗಡಿಯಲ್ಲೇ ಉಳಿಯುತ್ತದೆ. ತಂತ್ರಾಂಶದ ಖಾತೆ ಎಂದರೆ ಬಳಕೆದಾರರು ತೋರಿಸಿದ ತಪ್ಪುಗಳು, ಅವುಗಳ ಮೇಲಿನ ಚರ್ಚೆ, ಯಾವ ಬದಲಾವಣೆಯನ್ನು ಏಕೆ ಒಪ್ಪಲಿಲ್ಲ ಎಂಬ ವಿವರ. ಅವು ಗಿಟ್‌ನೊಳಗೆ ಇರುವುದಿಲ್ಲ.

2017ರ ಜನವರಿ 31ರಂದು, ಗಿಟ್ ಕಡತಗಳಿಗೆ ಜಾಗ ಕೊಡುವ ಗಿಟ್‌ಲ್ಯಾಬ್‌ನಲ್ಲಿ ನಡೆದದ್ದು ಇದನ್ನು ಚೆನ್ನಾಗಿ ತೋರಿಸುತ್ತದೆ. ಹಿಂದೆ ಬಿದ್ದಿದ್ದ ಡೇಟಾಬೇಸ್ ನಕಲೊಂದನ್ನು ಸರಿಪಡಿಸಲು ಕೂತ ಎಂಜಿನಿಯರ್, ಅಳಿಸುವ ಆಜ್ಞೆಯನ್ನು ತಪ್ಪು ಸರ್ವರ್‌ಗೆ ಕೊಟ್ಟರು. ತಕ್ಷಣ ನಿಲ್ಲಿಸಿದರೂ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್‌ಗೆಂದು ಇದ್ದ ಐದು ವ್ಯವಸ್ಥೆಗಳಲ್ಲಿ ಯಾವುದೂ ನೆಚ್ಚುವಂತಿರಲಿಲ್ಲ. ಸುಮಾರು ಆರು ಗಂಟೆ ಹಳೆಯ ನಕಲೊಂದು ಸಿಕ್ಕಿದ್ದೇ ಪುಣ್ಯ. ಗಿಟ್ ಕಡತಗಳಿಗೆ ಏನೂ ಆಗಲಿಲ್ಲ, ಹೋದದ್ದು ಆ ಆರು ಗಂಟೆಗಳ ಖಾತೆ. ಸುಮಾರು 5,000 ಟಿಪ್ಪಣಿಗಳೂ ಅದರಲ್ಲಿದ್ದವು. ದುರಸ್ತಿಯನ್ನು ಕಂಪನಿ ಯೂಟ್ಯೂಬ್‌ನಲ್ಲಿ ನೇರವಾಗಿ ತೋರಿಸಿತು. ಆ ಪ್ರಾಮಾಣಿಕತೆಯನ್ನು ಮೆಚ್ಚಲೇಬೇಕು.

ಗಿಟ್‌ಲ್ಯಾಬ್ ಅನ್ನು ಸ್ವಂತ ಸರ್ವರ್‌ನಲ್ಲೂ ನಡೆಸಬಹುದು. ಮುಕ್ತ ತಂತ್ರಾಂಶದ ದೊಡ್ಡ ಸಮುದಾಯಗಳಾದ ಡೆಬಿಯನ್ ಮತ್ತು ಗ್ನೋಮ್ 2018ರಲ್ಲಿ, ಕೆಡಿಇ 2020ರಲ್ಲಿ ಹಾಗೆ ಮಾಡಿದವು. ಆದರೆ ಅದು ಭಾರ, ಹಲವು ಗಿಗಾಬೈಟ್ ಮೆಮೊರಿ ಬೇಡುತ್ತದೆ. ಆ ಸಮುದಾಯಗಳಲ್ಲಿ ಸರ್ವರ್ ನೋಡಿಕೊಳ್ಳುವ ತಂಡಗಳೇ ಇವೆ. ನಾಲ್ಕೈದು ಮಂದಿಯ ಗುಂಪಿಗೆ ಫೋರ್ಜೆಜೊ ಸಾಕು. ಒಂದೇ ಪ್ರೋಗ್ರಾಂ, ಚಿಕ್ಕ ಕಂಪ್ಯೂಟರಿನಲ್ಲೂ ಓಡುತ್ತದೆ. ಗೀಟೀ ಎಂಬ ಯೋಜನೆಯ ಹೆಸರೂ ಟ್ರೇಡ್‌ಮಾರ್ಕೂ 2022ರಲ್ಲಿ ಒಂದು ಲಾಭದ ಕಂಪನಿಯ ಕೈಸೇರಿದಾಗ, ಅದನ್ನು ಒಪ್ಪದವರು ಬೇರೆಯಾಗಿ ಕಟ್ಟಿದ್ದು ಇದು. ಇದರ ಬೆನ್ನಿಗೆ ಬರ್ಲಿನ್‌ನ ಲಾಭರಹಿತ ಸಂಘ ಕೋಡ್‌ಬರ್ಗ್ ಇದೆ. ಸರ್ವರ್ ನಡೆಸುವ ಶಕ್ತಿ ಇಲ್ಲದವರು ಅಲ್ಲೇ ಜಾಗ ಪಡೆಯಬಹುದು.

ಮತ್ತೆ ಕನ್ನಡಕ್ಕೇ ಬಂದರೆ, ವಿ. ಕೃಷ್ಣ ಅವರು ನಾಲ್ಕು ದಶಕ ದುಡಿದು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು 'ಅಲರ್' 2019ರಲ್ಲಿ ಅಂತರಜಾಲಕ್ಕೆ ಬಂತು. ಅದರ ದತ್ತಾಂಶ ಗಿಟ್‌ಹಬ್‌ನಲ್ಲಿದೆ. ಗಿಟ್‌ಹಬ್‌ನ ಒಡೆತನ 2018ರಿಂದ ಮೈಕ್ರೋಸಾಫ್ಟ್‌ನದು. ಅಲರ್ ಮುಕ್ತ ಪರವಾನಗಿಯಲ್ಲಿ ಇರುವುದರಿಂದ ಯಾರು ಬೇಕಾದರೂ ಇಡಿಯಾಗಿ ಇಳಿಸಿಕೊಂಡು ಬೇರೆಡೆ ಇಡಬಹುದು. ಜಾಗ ಯಾವುದೇ ಇರಲಿ, ದತ್ತಾಂಶಕ್ಕೆ ನಿಜವಾದ ರಕ್ಷೆ ಆ ಪರವಾನಗಿಯೇ.

ನಾಳೆ ಅಮರಗೋಳ, ನವನಗರದ ಕೆಲವು ವಿದ್ಯಾರ್ಥಿಗಳು ಕನ್ನಡ ಕಾಗುಣಿತ ಪರೀಕ್ಷಕ ಬರೆಯಲು ಕೂತರೆನ್ನಿ. ಅವರಿಗೆ ಸೌಲಭ್ಯಗಳ ಪಟ್ಟಿಗಿಂತ ಮೊದಲು ಬೇಕಾದದ್ದು ಹೊರಬರುವ ದಾರಿ: ಚರ್ಚೆಗಳನ್ನೆಲ್ಲ ಇಳಿಸಿಕೊಳ್ಳಲು ಬರುತ್ತದೆಯೇ, ಇಳಿಸಿದ್ದನ್ನು ಇನ್ನೊಂದು ಕಂಪ್ಯೂಟರಿನಲ್ಲಿ ಎಬ್ಬಿಸಿ ನೋಡಿದ್ದಾರೆಯೇ? ಪಾಸ್‌ವರ್ಡ್ ಕನಿಷ್ಠ ಇಬ್ಬರ ಬಳಿ ಇರಬೇಕು. ಅವರಲ್ಲೊಬ್ಬರು ಕೆಲಸ ಸಿಕ್ಕಿ ಪುಣೆಗೆ ಹೊರಟರೆ, ಹೊರಡುವ ಮುನ್ನವೇ ಮೂರನೆಯವರಿಗೆ ಕಲಿಸಬೇಕು.