ಘಟ್ಟಕ್ಕೆ ಹೊರಡುವ ಮುನ್ನ ಫೋನಿಗೂ ಬುತ್ತಿ ಕಟ್ಟಿರಿ

2024ರ ಡಿಸೆಂಬರ್ ತಿಂಗಳ ಮೊದಲ ವಾರ. ಉತ್ತರ ಭಾರತದಿಂದ ಗೋವಾಕ್ಕೆ ಹೊರಟಿದ್ದ ಕುಟುಂಬವೊಂದು ಕಾರಿನಲ್ಲಿ ನಮ್ಮ ಖಾನಾಪುರ ತಾಲ್ಲೂಕನ್ನು ತಲುಪಿತ್ತು. ಫೋನಿನ ನಕ್ಷೆಯು ಶಿರೋಲಿ, ಹೆಮ್ಮಡಗಾ ಕಡೆಯಿಂದ ಹತ್ತಿರದ ದಾರಿಯೊಂದನ್ನು ತೋರಿಸಿತು. ಅದನ್ನು ನಂಬಿ ಮುಂದೆ ಮುಂದೆ ಸಾಗಿದವರು ಭೀಮಗಡ ಅಭಯಾರಣ್ಯದ ದಟ್ಟ ಕಾಡಿನೊಳಗೆ ಸಿಲುಕಿಕೊಂಡರು. ನೆಟ್‌ವರ್ಕ್ ಇಲ್ಲ, ಕತ್ತಲೆ ಕವಿದಿದೆ, ಹಿಂದಿರುಗುವ ದಾರಿಯೂ ತಿಳಿಯದು. ಇಡೀ ರಾತ್ರಿಯನ್ನು ಕಾರಿನಲ್ಲಿಯೇ ಕಳೆದು, ಬೆಳಗಾದ ಮೇಲೆ ಸುಮಾರು 4 ಕಿ.ಮೀ. ನಡೆದು, ನೆಟ್‌ವರ್ಕ್ ಸಿಕ್ಕ ಕಡೆಯಿಂದ 112ಕ್ಕೆ ಕರೆ ಮಾಡಿದರು. ಪೊಲೀಸರು ಹೋಗಿ ಅವರನ್ನು ಸುರಕ್ಷಿತವಾಗಿ ಹೊರಗೆ ಕರೆತಂದರು.

ಈ ಸುದ್ದಿಯನ್ನು ಓದಿ ನಕ್ಕವರು ಅನೇಕರು. ನಗುವಂಥದ್ದೇನೂ ಇಲ್ಲ. ಆ ಕುಟುಂಬದವರು ಒಂದು ತಪ್ಪು ಮಾಡಿದರು, ಎರಡು ಸರಿಯಾದ ಕೆಲಸಗಳನ್ನೂ ಮಾಡಿದರು. ರಾತ್ರಿ ಕಾರನ್ನು ಬಿಟ್ಟು ಇಳಿಯಲಿಲ್ಲ. ಹುಲಿ, ಕರಡಿ, ಕಾಡುಕೋಣಗಳಿರುವ ಭೀಮಗಡದಲ್ಲಿ ಇದು ಸಣ್ಣ ವಿವೇಕವಲ್ಲ. ಬೆಳಕು ಹರಿದ ಮೇಲೆ ನೆಟ್‌ವರ್ಕ್ ಹುಡುಕಿ ಒಂದೇ ಸಂಖ್ಯೆಗೆ ಕರೆ ಮಾಡಿದರು. ಜೀವ ಉಳಿದದ್ದು ಇವೆರಡರಿಂದ.

ನಾವಾದರೋ ಇದೇ ನೆಲದವರು. ಶಿವಬಸವ ನಗರದಿಂದ ಹೊರಟರೆ ಎರಡು ತಾಸಿನೊಳಗೆ ಜಾಂಬೋಟಿ ದಾಟಿ, ಮಲಪ್ರಭೆಯ ಉಗಮಸ್ಥಾನವಾದ ಕಣಕುಂಬಿಯನ್ನು ತಲುಪುತ್ತೇವೆ. ಶ್ರಾವಣದಲ್ಲಿ ಅಸೋಗಾ, ಹಬ್ಬನಹಟ್ಟಿ, ಹಲಸಿಗಳಿಗೆ ಸಕುಟುಂಬವಾಗಿ ಹೋಗುವವರು ನಮ್ಮಲ್ಲಿ ಬಹಳ. ದರ್ಶನ ಮುಗಿದ ಮೇಲೆ ‘ಇಲ್ಲೇ ಹತ್ತಿರ ಒಂದು ಜಲಪಾತವಿದೆಯಂತೆ’ ಎಂದು ಮಕ್ಕಳು ಹೇಳುತ್ತಾರೆ, ವಾಹನ ಕಾಡಿನ ಕಡೆಗೆ ತಿರುಗುತ್ತದೆ. ಮನೆಯಲ್ಲಿ ಬುತ್ತಿ ಕಟ್ಟಿಕೊಂಡು ಹೊರಟವರು ಫೋನಿಗೆ ಮಾತ್ರ ಏನನ್ನೂ ಕಟ್ಟಿಕೊಟ್ಟಿರುವುದಿಲ್ಲ. ಕಾಡಿನಲ್ಲಿ ಫೋನು ತನ್ನ ಹೊಟ್ಟೆಯೊಳಗೆ ಮೊದಲೇ ಇರುವುದನ್ನಷ್ಟೇ ಕೊಡಬಲ್ಲದು. ಆದ್ದರಿಂದ ಸಿದ್ಧತೆಯೆಲ್ಲ ಮನೆಯಲ್ಲಿಯೇ, ನೆಟ್‌ವರ್ಕ್ ತುಂಬಿ ಹರಿಯುವ ಊರಿನಲ್ಲಿಯೇ ಆಗಬೇಕು.

ಇಲ್ಲಿ ಒಂದು ಸಾಮಾನ್ಯ ತಪ್ಪು ತಿಳಿವಳಿಕೆಯನ್ನು ಸರಿಪಡಿಸಿಕೊಳ್ಳುವುದು ಅವಶ್ಯ. ‘ರೇಂಜ್ ಇಲ್ಲದಿದ್ದರೆ ಫೋನು ಕಲ್ಲಿಗೆ ಸಮ’ ಎಂದು ಬಹಳ ಜನ ಭಾವಿಸಿದ್ದಾರೆ. ಅದು ನಿಜವಲ್ಲ. ನಾವೆಲ್ಲಿದ್ದೇವೆ ಎಂಬುದನ್ನು ಫೋನು ತಿಳಿಯುವುದು ಮೊಬೈಲ್ ಗೋಪುರಗಳಿಂದ ಮಾತ್ರವಲ್ಲ. ಸುಮಾರು 20,000 ಕಿ.ಮೀ. ಎತ್ತರದಲ್ಲಿ ಸುತ್ತುತ್ತಿರುವ ಜಿಪಿಎಸ್ ಉಪಗ್ರಹಗಳಿಂದಲೂ ತಿಳಿಯುತ್ತದೆ. ಅವು ನಿರಂತರವಾಗಿ ಸಮಯದ ಸಂಕೇತವನ್ನು ಬಿತ್ತರಿಸುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ದೊರೆತರೆ, ಪ್ರತಿಯೊಂದೂ ಬಂದು ಸೇರಲು ಹಿಡಿದ ಅವಧಿಯನ್ನು ಲೆಕ್ಕಹಾಕಿ ಫೋನು ತನ್ನ ಸ್ಥಾನವನ್ನು ನಿರ್ಣಯಿಸುತ್ತದೆ. ಇದಕ್ಕೆ ಸಿಮ್ ಬೇಡ, ಇಂಟರ್‌ನೆಟ್ ಬೇಡ, ಹಣವೂ ಬೇಡ. ನೆಟ್‌ವರ್ಕ್ ಇಲ್ಲದಾಗ ಮೊದಲ ಬಾರಿ ಸ್ಥಾನ ಸಿಗುವುದು ಕೆಲವು ನಿಮಿಷ ತಡವಾಗುತ್ತದೆ, ಅಷ್ಟೇ. ದಟ್ಟ ಮರಗಳ ಕೆಳಗೆ, ಕಡಿದಾದ ಕಣಿವೆಯೊಳಗೆ ಸಂಕೇತ ದುರ್ಬಲವಾಗಿ ಗುರುತು ಅತ್ತಿತ್ತ ಸರಿಯುವುದುಂಟು. ಆಗ ಆಕಾಶ ಕಾಣುವ ಬಯಲಿಗೆ ಬಂದು ಸ್ವಲ್ಪ ಹೊತ್ತು ನಿಂತರೆ ಅದು ಸರಿಹೋಗುತ್ತದೆ.

ಹಾಗಾದರೆ ಕಾಡಿನಲ್ಲಿ ಕೊರತೆಯಾಗುವುದು ಯಾವುದು? ನಕ್ಷೆ. ನೀಲಿ ಚುಕ್ಕೆ ಇರುತ್ತದೆ, ಅದರ ಸುತ್ತ ಖಾಲಿ ಬೂದುಬಣ್ಣ ಮಾತ್ರ ಕಾಣುತ್ತದೆ. ಗೂಗಲ್ ಮ್ಯಾಪ್ಸ್‌ನಲ್ಲಿ ಖಾತೆಯ ಚಿತ್ರವನ್ನು ಒತ್ತಿದರೆ ‘ಆಫ್‌ಲೈನ್ ಮ್ಯಾಪ್ಸ್’ ಎಂಬ ಆಯ್ಕೆ ದೊರೆಯುತ್ತದೆ. ಬೆಳಗಾವಿಯಿಂದ ಖಾನಾಪುರ, ಲೋಂಡಾ, ಚೋರ್ಲಾ ಘಟ್ಟದವರೆಗಿನ ಭಾಗವನ್ನು ಆರಿಸಿ ಮನೆಯಲ್ಲಿಯೇ ಇಳಿಸಿಕೊಳ್ಳಬಹುದು. ಆದರೆ ಇದರ ಮಿತಿಯನ್ನೂ ತಿಳಿದಿರಬೇಕು: ನೆಟ್‌ವರ್ಕ್ ಇಲ್ಲದಾಗ ಅದು ವಾಹನದ ದಾರಿಯನ್ನು ಮಾತ್ರ ಹೇಳುತ್ತದೆ, ಕಾಲ್ನಡಿಗೆಯ ದಾರಿಯನ್ನು ಹೇಳುವುದಿಲ್ಲ.

ಆ ಕೊರತೆಯನ್ನು ತುಂಬುವುದು ಆರ್ಗ್ಯಾನಿಕ್ ಮ್ಯಾಪ್ಸ್ ಎಂಬ ಉಚಿತ ಆ್ಯಪ್. ಜಗತ್ತಿನಾದ್ಯಂತ ಸ್ವಯಂಸೇವಕರು ಸೇರಿಸುತ್ತಿರುವ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯನ್ನು ಇದು ಬಳಸುತ್ತದೆ. ಜಾಹೀರಾತು ಇಲ್ಲ. ಒಮ್ಮೆ ನಕ್ಷೆ ಇಳಿಸಿಕೊಂಡರೆ ಕಾಲುದಾರಿ, ಹಳ್ಳ, ಗುಡ್ಡದ ಏರಿಳಿತಗಳನ್ನು ಸೂಚಿಸುವ ರೇಖೆಗಳು ಎಲ್ಲವೂ ಫೋನಿನಲ್ಲಿಯೇ ಉಳಿಯುತ್ತವೆ. ಕರ್ನಾಟಕದ ನಕ್ಷೆಯೊಂದಿಗೆ ಗಡಿಯಾಚೆಯ ಗೋವಾ ಭಾಗವನ್ನೂ ಇಳಿಸಿಕೊಳ್ಳಿರಿ. ನಮ್ಮ ಘಟ್ಟಗಳಲ್ಲಿ ಗಡಿ ಯಾವಾಗ ದಾಟಿತೆಂಬುದೇ ತಿಳಿಯುವುದಿಲ್ಲ. ವಾಹನ ನಿಲ್ಲಿಸಿದ ಸ್ಥಳವನ್ನು ಗುರುತು ಹಾಕಿಟ್ಟುಕೊಳ್ಳುವುದು ಈ ಆ್ಯಪ್‌ನ ಅತಿ ಉಪಯುಕ್ತ ಭಾಗವೆಂದು ನನ್ನ ಅಭಿಪ್ರಾಯ. ಕಾಡಿನಲ್ಲಿ ದಾರಿ ತಪ್ಪಿದವನಿಗೆ ಬೇಕಾಗುವುದು ಮುಂದಿನ ಜಲಪಾತವಲ್ಲ, ಬಿಟ್ಟುಬಂದ ವಾಹನ. ಖಾನಾಪುರದ ತಾಲ್ಲೂಕು ಆಸ್ಪತ್ರೆಯನ್ನೂ ಇದೇ ರೀತಿ ಗುರುತಿಸಿಡಿರಿ.

ಇಳಿಸಿಕೊಂಡ ನಕ್ಷೆ ಕೆಲಸ ಮಾಡುತ್ತದೆಯೇ ಎಂಬುದನ್ನು ಕಾಡಿನಲ್ಲಿ ಪರೀಕ್ಷಿಸಬಾರದು. ಒಂದು ದಿನ ಮುಂಜಾನೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಶಿವಬಸವ ನಗರದಿಂದ ಕೋಟೆ ಕೆರೆಯವರೆಗೆ ನಡೆದು ನೋಡಿರಿ. ನೀಲಿ ಚುಕ್ಕೆ ನಿಮ್ಮೊಂದಿಗೆ ಬೀದಿಯ ಮೇಲೆ ಸರಿಯುತ್ತ ಬಂದರೆ ಸಿದ್ಧತೆ ಸರಿಯಾಗಿದೆ. ವಾಯುವಿಹಾರವೂ ಆಯಿತು.

ನಕ್ಷೆ ಇದ್ದ ಮಾತ್ರಕ್ಕೆ ಅದು ಹೇಳಿದ್ದೆಲ್ಲ ನಿಜವಲ್ಲ. ನಕ್ಷೆಯ ಮೇಲಿನ ಗೆರೆಯೊಂದು ಡಾಂಬರು ರಸ್ತೆಯೋ, ಅರಣ್ಯ ಇಲಾಖೆಯ ಗಸ್ತಿನ ದಾರಿಯೋ, ಬೇಸಿಗೆಯಲ್ಲಿ ಮಾತ್ರ ಹಳ್ಳ ದಾಟಬಹುದಾದ ಜಾಡೋ ಎಂಬುದು ಯಂತ್ರಕ್ಕೆ ಎಲ್ಲ ಕಡೆಯೂ ತಿಳಿದಿರುವುದಿಲ್ಲ. ಅದು ದೂರವನ್ನೂ ವೇಗವನ್ನೂ ಲೆಕ್ಕಹಾಕುತ್ತದೆ. ಮಳೆಗೆ ಕೊಚ್ಚಿಹೋದ ಸೇತುವೆಯನ್ನು ಅದು ಕಂಡಿಲ್ಲ. 2011ರಲ್ಲಿ ಘೋಷಿತವಾದ ಭೀಮಗಡ ಅಭಯಾರಣ್ಯದ ವಿಸ್ತಾರ ಸುಮಾರು 190 ಚದರ ಕಿ.ಮೀ. ಅದರೊಳಗೆ ಗವಾಳಿ, ಅಮಗಾಂವದಂತಹ ಊರುಗಳಿವೆ. ಅಲ್ಲಿಯ ಜನರಿಗೆ ಯಾವ ಹಳ್ಳ ಎಂದು ತುಂಬುತ್ತದೆ, ಯಾವ ಏರಿನ ಮೇಲೆ ನಿಂತರೆ ರೇಂಜ್ ಸಿಗುತ್ತದೆ ಎಂಬುದು ತಿಳಿದಿದೆ. ಡಾಂಬರು ಮುಗಿದ ಜಾಗದಲ್ಲಿ ವಾಹನ ನಿಲ್ಲಿಸಿ, ಎದುರು ಬಂದವರನ್ನು ‘ಅಣ್ಣಾ, ಈ ದಾರಿ ಮುಂದೆ ಹೋಗ್ತದೇನು?’ ಎಂದು ಕೇಳುವುದರಲ್ಲಿ ಯಾವ ಸಂಕೋಚವೂ ಬೇಡ. ಅಲ್ಲಿ ಮರಾಠಿ, ಕೊಂಕಣಿ ಮಾತನಾಡುವವರೇ ಹೆಚ್ಚು. ಆದರೂ ‘ಮುಂದೆ ದಾರಿ ಇಲ್ಲ’ ಎಂಬುದನ್ನು ಕೈಸನ್ನೆಯಲ್ಲಿಯೂ ಹೇಳುತ್ತಾರೆ. ಮಳೆಗಾಲದಲ್ಲಿ ಜಲಪಾತಗಳಿಗೆ ಅರಣ್ಯ ಇಲಾಖೆ ನಿರ್ಬಂಧ ಹಾಕಿದ್ದರೆ ಯಾವ ಆ್ಯಪ್ ದಾರಿ ತೋರಿಸಿದರೂ ಹೋಗತಕ್ಕದ್ದಲ್ಲ.

ಹವಾಮಾನದ ಆ್ಯಪ್‌ಗಳ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇನೆ, ಏಕೆಂದರೆ ಇವಕ್ಕೆ ನೆಟ್‌ವರ್ಕ್ ಬೇಕು. ಭಾರತೀಯ ಹವಾಮಾನ ಇಲಾಖೆಯ ‘ಮೌಸಮ್’, ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಇವು ಮೂರೂ ಉಚಿತ. ದಾಮಿನಿಯು ನಮ್ಮ ಸುತ್ತಮುತ್ತ ಬೀಳುತ್ತಿರುವ ಸಿಡಿಲನ್ನು ತೋರಿಸುತ್ತದೆ. ಜಾಂಬೋಟಿಯಲ್ಲಿ ಚಹಾಕ್ಕೆ ನಿಂತಾಗ ಒಮ್ಮೆ ಇವನ್ನು ತೆರೆದು ನೋಡಿಬಿಡಿರಿ. ಮುಂದೆ ನೆಟ್‌ವರ್ಕ್ ಹೋದ ಮೇಲೆ ಕಣ್ಣು ಕಿವಿಗಳೇ ಆ್ಯಪ್: ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರು ದೂರದಲ್ಲಿದೆ ಎಂಬುದು ತಿಳಿಯುತ್ತದೆ. ಮೂವತ್ತು ಸೆಕೆಂಡಿಗಿಂತ ಕಡಿಮೆಯಾದರೆ ಬೋಳುಗುಡ್ಡದಿಂದ ಕೂಡಲೇ ಇಳಿದು ವಾಹನದೊಳಗೆ ಸೇರಬೇಕು; ಒಂಟಿ ಮರದ ಕೆಳಗೆ ನಿಲ್ಲಬಾರದು.

ಇನ್ನು ಅಪಾಯವೇ ಎದುರಾದಾಗ. ನಿಮ್ಮ ಸಿಮ್ ಕಂಪನಿಯ ಗೋಪುರ ಇಲ್ಲದಿದ್ದರೂ ಬೇರೆ ಕಂಪನಿಯ ಸಂಕೇತವಿದ್ದರೆ 112ಕ್ಕೆ ಕರೆ ಹೋಗಬಲ್ಲದು. ಪರದೆಯ ಮೇಲೆ ‘ತುರ್ತು ಕರೆ ಮಾತ್ರ’ ಎಂದು ಕಂಡರೆ ನಿರಾಶರಾಗಬೇಡಿರಿ, ಅದು ಶುಭಸೂಚನೆ. ಚೋರ್ಲಾ ಭಾಗದಲ್ಲಿ ಫೋನು ಗೋವಾದ ಗೋಪುರವನ್ನು ಹಿಡಿದು ಕರೆ ಆ ರಾಜ್ಯದ ನಿಯಂತ್ರಣ ಕೊಠಡಿಗೆ ಸೇರಬಹುದು. ಆದ್ದರಿಂದ ಮೊದಲ ಮಾತೇ ‘ಕರ್ನಾಟಕ, ಬೆಳಗಾವಿ ಜಿಲ್ಲೆ, ಖಾನಾಪುರ ತಾಲ್ಲೂಕು’ ಎಂದಿರಲಿ. ಅನಂತರ ಅಕ್ಷಾಂಶ ರೇಖಾಂಶಗಳನ್ನು ಹೇಳಬೇಕು. ನಕ್ಷೆಯಲ್ಲಿ ನೀಲಿ ಚುಕ್ಕೆಯನ್ನು ಒತ್ತಿ ಹಿಡಿದರೆ 15 ಮತ್ತು 74ರಿಂದ ಆರಂಭವಾಗುವ ಎರಡು ಸಂಖ್ಯೆಗಳು ಕಾಣುತ್ತವೆ. ದಶಾಂಶ ಬಿಂದುವಿನ ನಂತರ ನಾಲ್ಕು ಅಂಕಿಗಳನ್ನು ಹೇಳಿದರೆ ಸುಮಾರು 11 ಮೀಟರಿನಷ್ಟು ನಿಖರತೆ ದೊರೆಯುತ್ತದೆ. ಎರಡೇ ಅಂಕಿ ಹೇಳಿದರೆ ಒಂದು ಕಿಲೋಮೀಟರಿನಷ್ಟು ಕಾಡನ್ನು ಹುಡುಕಬೇಕಾಗುತ್ತದೆ. ಈ ಸಂಖ್ಯೆಗಳನ್ನು ಕಾಗದದ ಮೇಲೆ ಬರೆದುಕೊಂಡೇ ಕರೆ ಮಾಡಿರಿ. ಮಾತು ಕೇಳಿಸದಷ್ಟು ದುರ್ಬಲ ಸಂಕೇತವಿದ್ದಾಗಲೂ ಸಾಮಾನ್ಯ ಎಸ್ಎಂಎಸ್ ಹೋಗುವುದುಂಟು. ಮನೆಯವರಿಗೆ ಅದೇ ಸಂಖ್ಯೆಗಳನ್ನು ಕಳುಹಿಸಿರಿ. ವಾಟ್ಸ್‌ಆ್ಯಪ್‌ನ ಲೈವ್ ಲೊಕೇಶನ್ ನೆಟ್‌ವರ್ಕ್ ಹೋದೊಡನೆ ನಿಂತುಬಿಡುತ್ತದೆ, ಅದನ್ನೇ ನಂಬಿ ಕೂರಬಾರದು.

ಕರೆ ತಲುಪಿದ ಮೇಲೆಯೂ ನೆರವು ಬರಲು ಸಮಯ ಹಿಡಿಯುತ್ತದೆ. 2024ರ ಮಳೆಗಾಲದಲ್ಲಿ ಅಮಗಾಂವದ ಅಸ್ವಸ್ಥ ಮಹಿಳೆಯೊಬ್ಬರನ್ನು ಊರವರು ಸುರಿಯುವ ಮಳೆಯಲ್ಲಿ, ಕಾಡುದಾರಿಯಲ್ಲಿ, ಕಿಲೋಮೀಟರುಗಟ್ಟಲೆ ಹೆಗಲ ಮೇಲೆ ಹೊತ್ತು ತಂದು ಆಂಬುಲೆನ್ಸ್ ತಲುಪಿಸಬೇಕಾಯಿತು. ಅಲ್ಲಿಯೇ ಹುಟ್ಟಿ ಬೆಳೆದವರ ಸ್ಥಿತಿ ಇದು. ಹಾಗಿರುವಾಗ ಮಧುಮೇಹ, ರಕ್ತದೊತ್ತಡ ಇರುವವರು ಅರ್ಧ ದಿನದ ಪ್ರವಾಸಕ್ಕೂ ಎರಡು ದಿನದ ಔಷಧಿ ಇಟ್ಟುಕೊಳ್ಳುವುದು ಲೇಸು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ತುರ್ತು ವೈದ್ಯಕೀಯ ಮಾಹಿತಿ ಎಂಬ ಭಾಗವಿದೆ. ರಕ್ತದ ಗುಂಪು, ಸೇವಿಸುವ ಔಷಧಿ, ಒಗ್ಗದ ಔಷಧಿ, ಮನೆಯವರ ದೂರವಾಣಿ ಇವನ್ನು ಅಲ್ಲಿ ತುಂಬಿಟ್ಟರೆ, ಫೋನು ಲಾಕ್ ಆಗಿದ್ದರೂ ವೈದ್ಯರು ಓದಬಹುದು. ಪ್ರಜ್ಞೆ ತಪ್ಪಿದವರ ಪರವಾಗಿ ಮಾತನಾಡುವುದು ಆಗ ಆ ಫೋನೇ.

ಹಾವು ಕಚ್ಚಿದರೆ ಚಿತ್ರ ತೆಗೆಯಲು ಅದರ ಬೆನ್ನುಹತ್ತಬೇಡಿರಿ. ಕಚ್ಚಿದ ಸಮಯವನ್ನು ಫೋನಿನಲ್ಲಿ ಬರೆದಿಟ್ಟು, ಉಂಗುರ ಬಳೆ ತೆಗೆದು, ಕಚ್ಚಿದ ಅಂಗ ಅಲುಗಾಡದಂತೆ ಇರಿಸಿ, ರೋಗಿಯನ್ನು ನಡೆಸದೆ ಹೊತ್ತುಕೊಂಡು ಬನ್ನಿರಿ. ಗಾಯವನ್ನು ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಎರಡೂ ಹಾನಿಕರ. 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಎಲ್ಲಿಯವರೆಗೆ ಬರಬಲ್ಲದೆಂದು ಕೇಳಿ, ಆ ಸ್ಥಳಕ್ಕೆ ನೀವೇ ಎದುರು ಹೋಗುವುದರಿಂದ ಬಹಳ ಸಮಯ ಉಳಿಯುತ್ತದೆ.

ಇಷ್ಟೆಲ್ಲ ಇದ್ದೂ ಬ್ಯಾಟರಿ ಮುಗಿದರೆ ಎಲ್ಲವೂ ವ್ಯರ್ಥ. ನೆಟ್‌ವರ್ಕ್ ಇಲ್ಲದ ಕಡೆ ಫೋನು ಗೋಪುರವನ್ನು ಹುಡುಕುತ್ತಲೇ ಇದ್ದು ಬೇಗ ಬರಿದಾಗುತ್ತದೆ. ಏರೋಪ್ಲೇನ್ ಮೋಡ್‌ಗೆ ಹಾಕಿದರೆ ಜಿಪಿಎಸ್ ನಡೆಯುತ್ತದೆ, ಬ್ಯಾಟರಿಯೂ ಉಳಿಯುತ್ತದೆ. ಎತ್ತರದ ಜಾಗ ಬಂದಾಗ ಮಾತ್ರ ಅದನ್ನು ತೆಗೆದು ರೇಂಜ್ ನೋಡಬೇಕು. ಫೋನಿನ ದೀಪವನ್ನು ಬೆಳಕಿಗಾಗಿ ಸುಡದೆ ಒಂದು ಚಿಕ್ಕ ಟಾರ್ಚ್ ಇಟ್ಟುಕೊಳ್ಳಿರಿ. ತಂಡದಲ್ಲಿ ಒಬ್ಬರ ಫೋನಾದರೂ ಸಂಜೆಯವರೆಗೆ ಫೋಟೋ ತೆಗೆಯದೆ ಉಳಿಯಲಿ. ಇದನ್ನು ಪಾಲಿಸುವುದೇ ಎಲ್ಲಕ್ಕಿಂತ ಕಷ್ಟವೆಂದು ಬಲ್ಲೆ.

ಹೊರಡುವಾಗ ಮನೆಯಲ್ಲಿ ಉಳಿಯುವವರಿಗೆ ಹೋಗುವ ಊರು, ವಾಹನದ ಸಂಖ್ಯೆ, ಮರಳುವ ಹೊತ್ತು ಬರೆದುಕೊಟ್ಟು, ‘ರಾತ್ರಿ ಎಂಟರೊಳಗೆ ನಮ್ಮ ಫೋನು ಬರದಿದ್ದರೆ 112ಕ್ಕೆ ತಿಳಿಸಿರಿ’ ಎಂದು ಹೇಳಿ ಹೋಗಬೇಕು. ಸ್ಮಾರ್ಟ್‌ಫೋನ್ ಇಲ್ಲದ ಹಿರಿಯರೂ ಈ ವ್ಯವಸ್ಥೆಯಿಂದ ಹೊರಗಿಲ್ಲ. 2017ರಿಂದ ದೇಶದಲ್ಲಿ ಮಾರಾಟವಾಗುವ ಫೋನುಗಳಲ್ಲಿ ತುರ್ತು ಗುಂಡಿ ಇರಬೇಕೆಂಬ ನಿಯಮವಿದೆ: ಸಾದಾ ಗುಂಡಿ ಫೋನಿನಲ್ಲಿ 5 ಅಥವಾ 9ನ್ನು ಒತ್ತಿ ಹಿಡಿಯುವುದು, ಸ್ಮಾರ್ಟ್‌ಫೋನಿನಲ್ಲಿ ಪವರ್ ಗುಂಡಿಯನ್ನು ಬೇಗಬೇಗನೆ ಮೂರು ಬಾರಿ, ಹೊಸ ಫೋನುಗಳಲ್ಲಿ ಸಾಮಾನ್ಯವಾಗಿ ಐದು ಬಾರಿ ಒತ್ತುವುದು. ನಿಮ್ಮ ಫೋನಿನಲ್ಲಿ ಹೇಗಿದೆ ಎಂಬುದನ್ನು ಸೆಟ್ಟಿಂಗ್ಸ್‌ನಲ್ಲಿ ಓದಿ ತಿಳಿಯಿರಿ. ಒತ್ತಿ ಪರೀಕ್ಷಿಸಲು ಹೋದರೆ ಕರೆ ನಿಜವಾಗಿಯೂ ಪೊಲೀಸರಿಗೇ ಹೋಗುತ್ತದೆ.